ಮಂಡಾಲೆಯ ವಿಶ್ರಾಂತಿ

ವಿಶ್ರಾಂತಿಯೆಂದರೆ ದಣಿದ ದೇಹಕ್ಕೆ ಸಲ್ಲಬೇಕಾದ ಕೂಲಿ ಎಂದು ನಾವು ತಿಳಿದಿದ್ದೇವೆ. ದುಡಿದವನು ಮಲಗುತ್ತಾನೆ, ಎದ್ದು ಮತ್ತೆ ದುಡಿಯುತ್ತಾನೆ. ದುಃಖವಾದರೋ ನಮ್ಮ ಲೆಕ್ಕದಲ್ಲಿ ಬರಿಯ ನಷ್ಟ. ಅದರಿಂದ ಎಷ್ಟು ಬೇಗ ಪಾರಾದರೆ ಅಷ್ಟು ಒಳಿತು. ಬೇಡದೆ ಬಂದ ಬಿಡುವು, ಬೇಡದೆ ಬಂದ ದುಃಖ, ಈ ಎರಡೂ ಒಟ್ಟಿಗೆ ಬಂದು ಮನೆಯ ಬಾಗಿಲು ತಟ್ಟಿದಾಗ ಮನುಷ್ಯ ಏನು ಮಾಡಬಲ್ಲ? ಈ ಪ್ರಶ್ನೆಯನ್ನು ಒಬ್ಬ ಹಿರಿಯರ ಬದುಕಿನ ಆರು ವರ್ಷಗಳ ಬೆಳಕಿನಲ್ಲಿ ನಿಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ. ಆ ಹಿರಿಯರು ಲೋಕಮಾನ್ಯ ಬಾಲಗಂಗಾಧರ ಟಿಳಕರು. ಸ್ಥಳ ಬ್ರಹ್ಮದೇಶದ ಮಂಡಾಲೆಯ ಸೆರೆಮನೆ.

ಟಿಳಕರ 'ಗೀತಾರಹಸ್ಯ'ವನ್ನು ನಾನು ಮೊದಲು ಓದಿದ್ದು ಆಲೂರ ವೆಂಕಟರಾಯರ ಕನ್ನಡ ಅನುವಾದದಲ್ಲಿ. ಅದರ ಗಾತ್ರವನ್ನು ಕಂಡೇ ಹಿಂಜರಿಯುವವರುಂಟು. ನಾನಾದರೋ ಪ್ರಸ್ತಾವನೆಯಲ್ಲಿಯೇ ಬಹಳ ಹೊತ್ತು ನಿಂತುಬಿಟ್ಟೆ. ೧೮೭೨ರಲ್ಲಿ, ತಮಗೆ ಹದಿನಾರರ ಪ್ರಾಯವಿದ್ದಾಗ, ಮರಣಶಯ್ಯೆಯಲ್ಲಿದ್ದ ತಂದೆಗೆ ಗೀತೆಯ ಮೇಲಿನ ಒಂದು ಮರಾಠಿ ಟೀಕೆಯನ್ನು ಓದಿ ಹೇಳುತ್ತಿದ್ದುದನ್ನು ಟಿಳಕರು ಅಲ್ಲಿ ನೆನೆದಿದ್ದಾರೆ. ಆ ವಯಸ್ಸಿನ ಹುಡುಗನಿಗೆ ಅದೆಷ್ಟು ತಿಳಿದೀತು? ಆದರೆ ಹಾಗೆ ಬಿದ್ದ ಬೀಜ ಮುಂದೆ ಒಂದು ಸಂದೇಹವಾಗಿ ಮೊಳೆಯಿತು. ಗೀತೆ ಹುಟ್ಟಿದ್ದು ಯುದ್ಧಕ್ಕೆ ಬೆನ್ನು ತಿರುಗಿಸಿದವನನ್ನು ಮರಳಿ ಯುದ್ಧಕ್ಕೆ ನಿಲ್ಲಿಸಲು. ಹೀಗಿದ್ದೂ ಜ್ಞಾನದಿಂದಲೋ ಭಕ್ತಿಯಿಂದಲೋ ಮೋಕ್ಷ ಪಡೆಯುವುದೇ ಅದರ ಸಾರವೆಂದು ಟೀಕಾಕಾರರು ಹೇಳುತ್ತಾರಲ್ಲ, ಅರ್ಜುನನಿಗೆ ಅದರಿಂದ ಆದ ಉಪಯೋಗವೇನು?

ಈ ಸಂದೇಹವನ್ನು ಬಿಡಿಸಲು ಟಿಳಕರಿಗೆ ಪುರುಸೊತ್ತಾದರೂ ಎಲ್ಲಿತ್ತು? ಶಾಲೆ, ಕಾಲೇಜು, ಕೇಸರಿ ಪತ್ರಿಕೆ, ಕಾಂಗ್ರೆಸ್ಸಿನ ವಾದವಿವಾದಗಳು, ಕೋರ್ಟು ಕಚೇರಿಗಳು ಇವುಗಳಲ್ಲಿ ದಶಕಗಳು ಉರುಳಿದವು. ಕಡೆಗೆ ಪುರುಸೊತ್ತನ್ನು ದಯಪಾಲಿಸಿದ್ದು ಬ್ರಿಟಿಷ್ ಸರಕಾರ! ೧೯೦೮ರ ಜುಲೈ ೨೨ರಂದು ಮುಂಬಯಿಯ ಹೈಕೋರ್ಟು ಅವರಿಗೆ ಆರು ವರ್ಷಗಳ ಶಿಕ್ಷೆ ವಿಧಿಸಿತು. ಮರುದಿನ ಅವರಿಗೆ ಐವತ್ತೆರಡು ತುಂಬುವುದಿತ್ತು. ತೀರ್ಪಿಗೆ ಮುನ್ನ ಅವರು ಆಡಿದ ಮಾತಿನ ಭಾವ ಇದು: ಮನುಷ್ಯರ ನ್ಯಾಯಾಲಯಕ್ಕಿಂತ ಮೇಲಿನ ಶಕ್ತಿಯೊಂದಿದೆ, ತಾನು ಹಿಡಿದ ಕಾರ್ಯ ತನ್ನ ಸ್ವಾತಂತ್ರ್ಯಕ್ಕಿಂತ ತನ್ನ ಕಷ್ಟದಿಂದಲೇ ಹೆಚ್ಚು ಏಳಿಗೆಯಾಗಬೇಕೆಂದು ಅದರ ಸಂಕಲ್ಪವಿದ್ದೀತು. ಇದನ್ನು ವಾಗ್ಮಿಯ ಮಾತೆಂದು ತಳ್ಳಿಹಾಕಬಹುದಿತ್ತು, ಮುಂದಿನ ಆರು ವರ್ಷಗಳು ಅದಕ್ಕೆ ಸಾಕ್ಷಿ ನುಡಿಯದೆ ಹೋಗಿದ್ದರೆ.

ಮಂಡಾಲೆಯ ಬೇಸಗೆ ಪ್ರಖರವಾದುದು. ಕೈದಿಯ ವಸತಿ ಮರದ ಕಟ್ಟಡ. ಮೈಯಲ್ಲಿ ಮಧುಮೇಹ, ಊಟಕ್ಕೆ ಕಟ್ಟುನಿಟ್ಟಿನ ಪಥ್ಯ. ಸುತ್ತಲಿನವರ ಭಾಷೆ ತನ್ನದಲ್ಲ. ಮನೆಗೆ ಬರೆಯುವ ಕಾಗದಗಳಿಗೂ ಮಿತಿ. ಪುಸ್ತಕಗಳನ್ನು ತರಿಸಿಕೊಳ್ಳಲು ಅನುಮತಿ ದೊರೆತದ್ದೇ ದೊಡ್ಡ ಉಪಕಾರ. ಬಿಡಿ ಹಾಳೆಗಳು ಅವರಿಗೆ ನಿಷಿದ್ಧ; ಪುಟಸಂಖ್ಯೆ ಹಾಕಿ ಹೊಲಿದ ಪುಸ್ತಕದಲ್ಲಿಯೇ ಬರೆಯಬೇಕು. ಶಾಯಿಯಿಲ್ಲ, ಸೀಸದ ಕಡ್ಡಿ ಮಾತ್ರ. ಒಂದು ಹಾಳೆಯನ್ನು ಹರಿದು ಬಿಸುಡುವ ಸ್ವಾತಂತ್ರ್ಯವೂ ಇಲ್ಲದ ಲೇಖಕನ ಪಾಡನ್ನು, ಬರೆಯುವ ಚಟವಿರುವ ನನ್ನಂಥವರು ಬೇಗ ಊಹಿಸಿಕೊಳ್ಳಬಲ್ಲೆವು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಷ್ಟವೇ ಗುರು, ಏಕಾಂತವೇ ತಪಸ್ಸು ಎಂದು ಹೇಳಿಬಿಡುವುದು ಸುಲಭ. ಕೆಲವು ವರ್ಷಗಳ ಹಿಂದೆ ಕಾಲಿನ ಮೂಳೆ ಮುರಿದು ನಾನು ಆರು ವಾರ ಹಾಸಿಗೆಯಲ್ಲಿದ್ದೆ. ನೋಡಲು ಬಂದ ಬಂಧುಗಳೆಲ್ಲ ಇದೊಂದು ಭಾಗ್ಯವೆಂಬಂತೆ "ಒಳ್ಳೆಯದಾಯಿತು ಬಿಡಿ, ವಿಶ್ರಾಂತಿ ಸಿಕ್ಕಿತು" ಎಂದರು. ಮೊದಲ ವಾರ ಮಾಡಿನ ಜಂತೆಗಳನ್ನು ಎಣಿಸಿ ಮುಗಿಸಿದೆ. ಎರಡನೆಯ ವಾರ ಗೋಡೆಯ ಗಡಿಯಾರದ ಮೇಲೆ ದ್ವೇಷ ಹುಟ್ಟಿತು. ಮೈ ಮಲಗಿತ್ತೇ ಹೊರತು ಮನಸ್ಸು ಕಚೇರಿಯಲ್ಲಿಯೂ ಪೇಟೆಯಲ್ಲಿಯೂ ಅಲೆಯುತ್ತಲೇ ಇತ್ತು. ಸೆರೆಮನೆಗಳಲ್ಲಿ ವರ್ಷಾನುವರ್ಷ ಕಳೆದು ಒಳಗೇ ಬತ್ತಿಹೋದವರು ಎಷ್ಟು ಮಂದಿಯಿಲ್ಲ! ಬಿಡುವಿಗಾಗಲಿ ನೋವಿಗಾಗಲಿ ತನ್ನಷ್ಟಕ್ಕೆ ತಾನೇ ಏನನ್ನೂ ಕಲಿಸುವ ಶಕ್ತಿಯಿಲ್ಲ. ಟಿಳಕರು ಮಂಡಾಲೆಗೆ ಬರಿಗೈಯಲ್ಲಿ ಹೋಗಲಿಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಹೊತ್ತಿದ್ದ ಆ ಸಂದೇಹವನ್ನು ಜೊತೆಗೆ ಒಯ್ದಿದ್ದರು. ಅವರ ಬಿಡುವಿಗೆ ಮಾಡಲು ಕೆಲಸವಿತ್ತು, ನೋವಿಗೆ ತಿರುಗಲು ದಿಕ್ಕಿತ್ತು.

ಸೆರೆಯ ಮೊದಲೆರಡು ವರ್ಷ ಓದು, ಮನನಗಳಲ್ಲಿ ಕಳೆಯಿತು. ಜರ್ಮನ್, ಫ್ರೆಂಚ್ ಭಾಷೆಗಳನ್ನೂ ಅವರು ಅಲ್ಲಿ ಅಭ್ಯಾಸಮಾಡಿದರು. ಬಳಿಕ ೧೯೧೦ರ ನವೆಂಬರಿನಿಂದ ೧೯೧೧ರ ಮಾರ್ಚಿಯವರೆಗೆ, ಸುಮಾರು ಐದು ತಿಂಗಳಲ್ಲಿ, ಆ ಬೃಹದ್ಗ್ರಂಥದ ಕರಡು ಸಿದ್ಧವಾಯಿತು. ೧೯೧೪ರ ಜೂನಿನಲ್ಲಿ ಬಿಡುಗಡೆಯಾದಾಗ ಸರಕಾರ ಹಸ್ತಪ್ರತಿಯನ್ನು ತಕ್ಷಣ ಹಿಂದಿರುಗಿಸಲಿಲ್ಲ. ಆಪ್ತರು ಕಳವಳಪಟ್ಟರು. ಟಿಳಕರಿಗೆ ಆ ಚಿಂತೆಯಿರಲಿಲ್ಲ. ಗ್ರಂಥ ತಲೆಯಲ್ಲಿದೆ, ಮತ್ತೆ ಕುಳಿತು ಬರೆದರಾಯಿತು ಎಂಬುದು ಅವರ ನಿಲುವು. ಮನನ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು. ಹಸ್ತಪ್ರತಿ ಮರಳಿ ಬಂತು. ೧೯೧೫ರಲ್ಲಿ ಗ್ರಂಥ ಅಚ್ಚಾಯಿತು.

ಆ ಗ್ರಂಥದಲ್ಲಿ ಅವರು ತಲುಪಿದ ನಿರ್ಣಯವನ್ನು ನೋಡಿ. ಕೈಕಾಲು ಕಟ್ಟಿಹಾಕಿದ ಸ್ಥಿತಿಯಲ್ಲಿ ಕುಳಿತವರಿಗೆ ಸಂನ್ಯಾಸವೇ ಶ್ರೇಷ್ಠ, ಪ್ರಪಂಚದ ಗೊಡವೆ ಸಾಕು ಎಂದು ತೋರಿದ್ದರೆ ಆಶ್ಚರ್ಯವಿರಲಿಲ್ಲ. ಆದರೆ ಅವರಿಗೆ ಹೊಳೆದದ್ದು ಕರ್ಮಯೋಗ. ಜ್ಞಾನವಾದ ಮೇಲೂ ಕರ್ಮವನ್ನು ಬಿಡಬಾರದು. ಫಲದ ಆಸೆಯನ್ನು ಬಿಟ್ಟು ಲೋಕಸಂಗ್ರಹಕ್ಕಾಗಿ ದುಡಿಯುತ್ತಿರಬೇಕು ಎಂದು ಅವರು ಸಿದ್ಧಾಂತ ಮಾಡಿದರು. ಅವರ ವ್ಯಾಖ್ಯಾನವನ್ನು ಒಪ್ಪದ ವಿದ್ವಾಂಸರಿದ್ದಾರೆ. ಅದು ಬೇರೆ ಚರ್ಚೆ. ನಿಷ್ಕ್ರಿಯತೆಯ ನಡುವಿನಿಂದ ಕರ್ಮದ ಅರ್ಥವನ್ನು ಎತ್ತಿ ತಂದರಲ್ಲ, ನನ್ನನ್ನು ಹಿಡಿದು ನಿಲ್ಲಿಸುವುದು ಅದು. ಓಡುತ್ತಿರುವವನಿಗೆ ಓಟದ ಅರ್ಥ ಕಾಣುವುದಿಲ್ಲವೇನೋ.

ಗೀತೆಯ ಸನ್ನಿವೇಶವೂ ಹೀಗೆಯೇ ಅಲ್ಲವೆ? ಎರಡು ಸೈನ್ಯಗಳ ನಡುವೆ ರಥ ನಿಂತಿದೆ. ಬಿಲ್ಲು ಕೆಳಗಿದೆ. ವೀರ ಕುಸಿದು ಕುಳಿತಿದ್ದಾನೆ. ಆ ನಿಲುಗಡೆಯಲ್ಲಿ ಉಪದೇಶವೆಲ್ಲ ನಡೆಯುತ್ತದೆ. ಮೊದಲ ಅಧ್ಯಾಯಕ್ಕೆ ನಮ್ಮ ಹಿರಿಯರು ಕೊಟ್ಟ ಹೆಸರು 'ಅರ್ಜುನವಿಷಾದಯೋಗ'. ಜ್ಞಾನಕ್ಕೆ, ಭಕ್ತಿಗೆ, ಕರ್ಮಕ್ಕೆ ಯೋಗವೆಂಬ ಹೆಸರು ಸಂದದ್ದು ಸಹಜ. ಅಳುವಿಗೂ ಆ ಗೌರವ ಸಂದಿದೆ! ಬಾಗಿಲೇ ವಿಷಾದ, ಅದನ್ನು ಬಳಸಿ ಒಳಗೆ ಹೋಗುವ ಬೇರೆ ದಾರಿಯನ್ನು ಆ ಗ್ರಂಥ ಇಟ್ಟಿಲ್ಲ. ೧೯೩೨ರಲ್ಲಿ ವಿನೋಬಾ ಅವರು ಧುಳೆಯ ಸೆರೆಮನೆಯಲ್ಲಿ ಭಾನುವಾರಗಳಂದು ಗೀತೆಯ ಮೇಲೆ ಪ್ರವಚನ ಮಾಡಿದರು. ಸಾನೆ ಗುರೂಜಿಯವರು ಅದನ್ನು ಬರೆದುಕೊಂಡರು. ಗೀತೆಗೂ ಸೆರೆಮನೆಗೂ ನಮ್ಮ ದೇಶದಲ್ಲಿ ಅದೇನು ನಂಟೋ!

ಇಷ್ಟೇ ಆಗಿದ್ದರೆ ಇದು ವಿಜಯದ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಕರಡು ಮುಗಿದು ವರ್ಷವೊಂದು ಕಳೆದ ಮೇಲೆ, ೧೯೧೨ರ ಜೂನಿನಲ್ಲಿ, ಅವರ ಪತ್ನಿ ಸತ್ಯಭಾಮಾಬಾಯಿಯವರು ಪುಣೆಯಲ್ಲಿ ತೀರಿಕೊಂಡರು. ಸುದ್ದಿ ತಂತಿಯ ಮೂಲಕ ಮಂಡಾಲೆಗೆ ಬಂತು. ಸುಖದುಃಖಗಳಲ್ಲಿ ಸಮಚಿತ್ತನಾಗಿರಬೇಕೆಂದು ನೂರಾರು ಪುಟ ಬರೆದು ಮುಗಿಸಿದ್ದ ಕೈ ಆಗ ಮನೆಗೆ ಒಂದು ಕಾಗದ ಬರೆಯಿತು. ಕಷ್ಟಗಳನ್ನು ಶಾಂತವಾಗಿ ಸಹಿಸುವುದು ತನಗೆ ರೂಢಿಯೇ ಆದರೂ ಈ ಪೆಟ್ಟು ತನ್ನನ್ನು ಬಹಳವಾಗಿ ಅಲುಗಿಸಿತೆಂದು ಅದರಲ್ಲಿ ಒಪ್ಪಿಕೊಂಡರು. ಕೊನೆಗಾಲದಲ್ಲಿ ಆಕೆಯ ಬಳಿ ಇರಲಾಗಲಿಲ್ಲವೆಂಬುದು ಅವರನ್ನು ಎಲ್ಲಕ್ಕಿಂತ ಹೆಚ್ಚಾಗಿ ಬಾಧಿಸಿತು. ವೇದಾಂತವನ್ನು ಮುಂದೆ ಹಿಡಿದು ಅವರು ಕಣ್ಣೀರನ್ನು ಮರೆಮಾಡಲಿಲ್ಲ. ಕರ್ಮಯೋಗದ ಪುಟಗಳ ಮೇಲೆ ನನಗೆ ನಂಬಿಕೆ ಹುಟ್ಟಿದ್ದು, ನಿಜ ಹೇಳಬೇಕೆಂದರೆ, ಈ ಕಾಗದವನ್ನು ಓದಿದ ಮೇಲೆ.

ಅದೇ ಕಾಗದದಲ್ಲಿ ಮಕ್ಕಳ ವಿಷಯವೂ ಇದೆ. ಅವರ ಓದು ನಿಲ್ಲಕೂಡದು. ವ್ಯರ್ಥ ಶೋಕದಲ್ಲಿ ಅವರು ಹೊತ್ತು ಕಳೆದರೆಂದು ತಿಳಿದರೆ ತನಗೆ ಇನ್ನೂ ಹೆಚ್ಚಿನ ದುಃಖವಾದೀತು. ತಾನೂ ಎಳೆಯ ವಯಸ್ಸಿನಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡವನೆಂಬುದನ್ನು ಅವರಿಗೆ ತಿಳಿಸಿ ಹೇಳಬೇಕು ಎಂದು ಬರೆದರು.