ಸುಮ್ಮನಿರು ಅಂದರೂ ಬರೆದಿಡುವ ಕರ್ನಲ್

ಹೊಸದಾಗಿ ಲಿನಕ್ಸ್ ಹಾಕಿಕೊಂಡ ಓದುಗರೊಬ್ಬರು ಕೇಳಿದ್ದಾರೆ: "ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಕಪ್ಪು ಪರದೆಯಲ್ಲಿ ಬಿಳಿ ಅಕ್ಷರಗಳು ಓಡುತ್ತಿದ್ದವು. ನೋಡಿದವರೆಲ್ಲ ವೈರಸ್ ಅಂದರು. ಬೂಟ್ ಮಾಡಿಸುವ ಗ್ರಬ್‌ನ ಫೈಲಿನಲ್ಲಿ 'ಕ್ವಾಯೆಟ್' (ಸುಮ್ಮನಿರು) ಅಂತ ಸೇರಿಸಿದೆ. ಆದರೂ ಎರಡು ಸಾಲು ಇಣುಕುತ್ತಲೇ ಇವೆ. ಯಾಕೆ?"

ವೈರಸ್ಸಿನ ಮಾತು ಮೊದಲು ಮುಗಿಸಿಬಿಡೋಣ. ಕಪ್ಪು ಪರದೆಯಲ್ಲಿ ಅಕ್ಷರ ಓಡಿದರೆ ಹ್ಯಾಕ್ ಆಯಿತೆಂದು ನಮಗೆ ಪಾಠ ಹೇಳಿಕೊಟ್ಟದ್ದು ಸಿನಿಮಾ. ಅದನ್ನು ನಂಬಿ, ನೆಟ್ಟಗಿರುವ ಯಂತ್ರವನ್ನು ಫಾರ್ಮ್ಯಾಟ್ ಮಾಡಿಸಿ ದುಡ್ಡು ಕಳೆದುಕೊಳ್ಳುವುದು ಶುದ್ಧ ಮೌಢ್ಯ. ಇಷ್ಟು ಮೆಮೊರಿ ಇದೆ, ಡಿಸ್ಕ್ ಸಿಕ್ಕಿತು, ಯುಎಸ್‌ಬಿಯಲ್ಲಿ ಮೌಸ್ ಇದೆ ಎಂದು ಲಿನಕ್ಸ್‌ನ ತಿರುಳಾದ ಕರ್ನಲ್ ವರದಿ ಒಪ್ಪಿಸುತ್ತಿರುತ್ತದೆ, ಅಷ್ಟೆ.

ಆ ವರದಿಯ ಪ್ರತಿ ಸಾಲಿಗೂ ಒಂದು ದರ್ಜೆಯಿದೆ, 0ಯಿಂದ 7ರವರೆಗೆ. 0 ಎಂದರೆ ಯಂತ್ರವೇ ಮುಳುಗಿತು. 3 ಎಂದರೆ ದೋಷ. 4 ಬರೀ ಎಚ್ಚರಿಕೆ. 7 ತಜ್ಞರಿಗಷ್ಟೇ ಬೇಕಾದ ಚಿಲ್ಲರೆ ವಿವರ. 'ಕ್ವಾಯೆಟ್' ಎಂದಾಗ ಪರದೆಗೆ ಬರುವ ಸಾಲುಗಳ ಮಿತಿ ಸಾಮಾನ್ಯವಾಗಿ 4ಕ್ಕೆ ಇಳಿಯುತ್ತದೆ. ಅದಕ್ಕಿಂತ ಕಡಿಮೆ ಅಂಕಿಯವು, ಅಂದರೆ 0ಯಿಂದ 3ರವರೆಗಿನವು, ಆಗಲೂ ಪರದೆಗೆ ಬರುತ್ತವೆ. ಅನೇಕ ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ ತಯಾರಕರು ಬಿಟ್ಟ ಸಣ್ಣಪುಟ್ಟ ತಪ್ಪುಗಳಿರುತ್ತವೆ. ಕರ್ನಲ್ ಅವನ್ನು 3ನೇ ದರ್ಜೆಯಲ್ಲಿ ದೂರುತ್ತದೆ. ಇಣುಕುವ ಸಾಲುಗಳು ಬಹುಪಾಲು ಇವೇ. 'ಲಾಗ್‌ಲೆವೆಲ್' ಎಂಬುದಕ್ಕೆ ಅದೇ ಗ್ರಬ್ ಫೈಲಿನಲ್ಲಿ 3 ಎಂದು ಕೊಟ್ಟು, ಉಬುಂಟು ಆದರೆ 'ಅಪ್‌ಡೇಟ್-ಗ್ರಬ್' ನಡೆಸಿದರೆ ಅವೂ ಮಾಯ.

ಮಾಯವಾಗುವುದು ಪರದೆಯಿಂದ ಮಾತ್ರ. ನನಗೆ ಬಲು ಮೋಜೆನಿಸುವುದು ಇಲ್ಲಿಯೇ. ಕರ್ನಲ್ ಮೆಮೊರಿಯಲ್ಲಿ ತನಗೊಂದು ಜಾಗ ಕಾದಿರಿಸಿಕೊಂಡು ಎಲ್ಲ ದರ್ಜೆಯ ಸಾಲುಗಳನ್ನೂ ಅಲ್ಲಿ ಬರೆಯುತ್ತದೆ. ತುಂಬಿದಾಗ ಹಳೆಯದರ ಮೇಲೆ ಹೊಸದು. ಟರ್ಮಿನಲ್ ತೆರೆದು 'ಸುಡೊ' ಜೊತೆ ಡಿ, ಎಂ, ಇ, ಎಸ್, ಜಿ ಎಂಬ ಐದು ಅಕ್ಷರ ಒತ್ತಿ, ಮೇಲಕ್ಕೆ ಹೋಗಿ ನೋಡಿ. ಮೊದಲ ಸಾಲಿನಲ್ಲಿ ಲಿನಕ್ಸ್‌ನ ಆವೃತ್ತಿ. ಅದರ ಹಿಂದೆಯೇ ನೀವು ಕೊಟ್ಟ ಆದೇಶದ ಸಾಲು, ಅದರ ಬಾಲದಲ್ಲಿ 'ಕ್ವಾಯೆಟ್', ಉಬುಂಟು ಆದರೆ ಜೊತೆಗೆ ಲೋಗೋ ತೋರಿಸೆನ್ನುವ 'ಸ್ಪ್ಲಾಶ್'! ಸುಮ್ಮನಿರು ಎಂದು ನೀವು ಗದರಿದ್ದನ್ನೂ ಅದು ದಾಖಲಿಸಿದೆ. ಎಡಗಡೆಯ ಚೌಕ ಆವರಣದಲ್ಲಿರುವುದು ಸೆಕೆಂಡುಗಳ ಲೆಕ್ಕ. ಆರಂಭದ ಹಲವಾರು ಸಾಲುಗಳಲ್ಲಿ ಬರೀ ಸೊನ್ನೆಗಳು ಕಾಣುತ್ತವೆ. ಗಡಿಯಾರ ಇನ್ನೂ ಸಿದ್ಧವಾಗಿಲ್ಲ, ಬರವಣಿಗೆ ಮಾತ್ರ ಶುರುವಾಗಿಬಿಟ್ಟಿದೆ.

ಸಂದೇಶ ಮುಚ್ಚಿದರೆ ಬೂಟ್ ಬೇಗ ಆಗುತ್ತದೆಯೇ? ಮನೆಯ ಕಂಪ್ಯೂಟರಿನಲ್ಲಿ ಗೊತ್ತಾಗುವಷ್ಟು ಆಗದು. ಆದರೆ ಸೀರಿಯಲ್ ತಂತಿಗೆ ಸಂದೇಶ ಕಳಿಸುವ ಸಣ್ಣ ಬೋರ್ಡ್‌ಗಳ ಕಥೆ ಬೇರೆ. ಸೆಕೆಂಡಿಗೆ 1,15,200 ಬಿಟ್ ವೇಗದಲ್ಲಿ ಹೋಗುವುದು ಹೆಚ್ಚೆಂದರೆ 11,520 ಅಕ್ಷರ. 70 ಅಕ್ಷರಗಳ ಸಾವಿರ ಸಾಲು ದಾಟಲು ಆರು ಸೆಕೆಂಡ್ ಬೇಕು. ಅಲ್ಲಿ ಮೌನದಿಂದ ನಿಜಕ್ಕೂ ಲಾಭವಿದೆ.

ಪರದೆ ಚೆಂದ ಕಾಣಲೆಂದು ಸಾಲುಗಳನ್ನು ಮುಚ್ಚುವುದು ತಪ್ಪೇನಲ್ಲ. ಉಬುಂಟು, ಫೆಡೋರಾಗಳಲ್ಲಿ ಆ ಸಾಲುಗಳ ಬದಲು ಲೋಗೋ ತೋರಿಸುವುದು ಪ್ಲಿಮತ್ ಎಂಬ ತಂತ್ರಾಂಶ. ಲೋಗೋ ಕಂಡಾಗ ಎಸ್ಕೇಪ್ ಒತ್ತಿದರೆ ಹಿಂದೆ ನಡೆಯುವುದು ಸಾಮಾನ್ಯವಾಗಿ ಕಾಣುತ್ತದೆ. ಎಂದಾದರೂ ಯಂತ್ರ ಲೋಗೋದಲ್ಲೇ ನಿಂತುಬಿಟ್ಟರೆ, ಗ್ರಬ್ ಮೆನುವಿನಲ್ಲಿ 'ಇ' ಒತ್ತಿ 'ಕ್ವಾಯೆಟ್', 'ಸ್ಪ್ಲಾಶ್' ಎಂಬ ಪದಗಳನ್ನು ಅಳಿಸಿ, ಎಫ್10 ಒತ್ತಿ. ಬದಲಾವಣೆ ಆ ಒಂದು ಸಲಕ್ಕೆ ಮಾತ್ರ. ನಿಂತ ಜಾಗದ ಕೊನೆಯ ಹತ್ತು ಸಾಲಿನ ಫೋಟೊ ತೆಗೆದು, ಬಲ್ಲವರಿಗೆ ಕಳಿಸಿ. ಲೋಗೋದ ಫೋಟೊ ಮಾತ್ರ ದಯವಿಟ್ಟು ಕಳಿಸಬೇಡಿ.