ಕಂಬಳದ ಕರೆಯಲ್ಲಿ ಒಂದು ಕ್ಷಣ: ಕ್ಯಾಮೆರಾದ ಗುಂಡಿ ಒತ್ತುವುದು ಯಾವಾಗ?

ಕಂಕನಾಡಿ: ಗಂತಿನಿಂದ ಹೊರಟ ಕೋಣಗಳು ಮಂಜೊಟ್ಟಿ ತಲುಪಲು ಹದಿನೈದು ಸೆಕೆಂಡೂ ಬೇಕಾಗುವುದಿಲ್ಲ. ಕರೆಯ ಅಂಚಿನಲ್ಲಿ ನಿಂತ ಛಾಯಾಗ್ರಾಹಕನ ಎದುರು ಅವು ಹಾದುಹೋಗುವುದು ಒಂದೆರಡು ಸೆಕೆಂಡು ಮಾತ್ರ. ಆ ಅಲ್ಪಾವಧಿಯಲ್ಲಿ ನೀರು ಚಿಮ್ಮಬೇಕು, ಕೋಣಗಳ ಕಾಲು ಮೇಲೆದ್ದಿರಬೇಕು, ಓಟಗಾರನ ಮುಖ ಕಾಣಬೇಕು. ಮರುದಿನದ ಪತ್ರಿಕೆಯಲ್ಲಿ ಓದುಗರು ಮೆಚ್ಚುವ ಇಂತಹ ಚಿತ್ರವನ್ನು ಅದೃಷ್ಟದ ಫಲವೆಂದು ಹೇಳುವುದುಂಟು. ವಾಸ್ತವವಾಗಿ ಅದರ ಹಿಂದೆ ಒಂದು ಸರಳ ಲೆಕ್ಕಾಚಾರ ಇದೆ. ಅದರ ಜೊತೆಗೆ ಒಂದು ಹೊಣೆಗಾರಿಕೆಯೂ ಇದೆ.

ಕಂಬಳವು ಕಂಕನಾಡಿಗೆ ದೂರದ ಸಂಗತಿಯೇನಲ್ಲ. ಇಲ್ಲಿನ ಗರೋಡಿಯಲ್ಲಿ ಆರಾಧನೆಗೊಳ್ಳುವ ಕೋಟಿ-ಚೆನ್ನಯರ ಹೆಸರನ್ನೇ ಮೂಡುಬಿದಿರೆ ಮತ್ತು ಪುತ್ತೂರಿನ ಜೋಡುಕರೆ ಕಂಬಳಗಳು ಹೊತ್ತಿವೆ. ಪಂಪ್‌ವೆಲ್‌ನಿಂದ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸಾಗಿದರೆ ಸಿಗುವ ಜಪ್ಪಿನಮೊಗರು, ಜಯ-ವಿಜಯ ಜೋಡುಕರೆ ಕಂಬಳದ ಊರು. ಇದರಿಂದಾಗಿ ಋತು ಆರಂಭವಾದೊಡನೆ ನಗರದ ಪತ್ರಿಕಾ ಛಾಯಾಗ್ರಾಹಕರಲ್ಲದೆ, ಹವ್ಯಾಸಿಗಳೂ ಕ್ಯಾಮೆರಾ ಹಿಡಿದು ಕರೆಯತ್ತ ಹೊರಡುತ್ತಾರೆ. ಅವರಲ್ಲಿ ಅನೇಕರು ಮೊದಲ ದಿನ ಮನೆಗೆ ತರುವುದು ಕೋಣಗಳು ದಾಟಿಹೋದ ಬಳಿಕದ ಕೆಸರುನೀರಿನ ಚಿತ್ರಗಳನ್ನು!

ಕಣ್ಣು ಕಂಡಾಗ ಕಾಲ ಮೀರಿರುತ್ತದೆ

ಇದಕ್ಕೆ ಕಾರಣ ವೇಗ. 2020ರ ಫೆಬ್ರವರಿ 1ರಂದು ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಅವರು 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿ ದೇಶದ ಗಮನ ಸೆಳೆದರು. ಭಾಗಿಸಿ ನೋಡಿದರೆ ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್, ಅಂದರೆ ಗಂಟೆಗೆ ಸುಮಾರು 38 ಕಿಲೋಮೀಟರ್ ವೇಗ.

ಕಣ್ಣು ಕಂಡದ್ದನ್ನು ಮಿದುಳು ಗ್ರಹಿಸಿ ಬೆರಳು ಗುಂಡಿ ಒತ್ತಲು ಸಾಮಾನ್ಯವಾಗಿ ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಕೋಣಗಳು ಎರಡು ಮೀಟರ್ ಮುಂದೆ ಹೋಗಿರುತ್ತವೆ. ಗುಂಡಿ ಒತ್ತಿದ ಬಳಿಕ ಶಟರ್ ತೆರೆಯಲು ಕ್ಯಾಮೆರಾ ಕೂಡ ಒಂದಿಷ್ಟು ಸಮಯ ತೆಗೆದುಕೊಳ್ಳುತ್ತದೆ. ಡಿಜಿಟಲ್ ಕ್ಯಾಮೆರಾಗಳ ಆರಂಭಿಕ ವರ್ಷಗಳಲ್ಲಿ, ಸಣ್ಣ ಕ್ಯಾಮೆರಾಗಳಲ್ಲಿ ಈ ವಿಳಂಬ ಅರ್ಧ ಸೆಕೆಂಡಿನಷ್ಟಿದ್ದುದೂ ಉಂಟು. ಇಂದಿನ ಉತ್ತಮ ಕ್ಯಾಮೆರಾಗಳಲ್ಲಿ ಅದು ತೀರಾ ಕಡಿಮೆ. ಆದರೆ ಮನುಷ್ಯನ ಬೆರಳು ಮಾತ್ರ ಹಿಂದಿನಂತೆಯೇ ಇದೆ. ಆದ್ದರಿಂದ ದೃಶ್ಯವನ್ನು ಕಂಡ ಮೇಲೆ ಒತ್ತುವವನಿಗೆ ಅದು ಸಿಗುವುದಿಲ್ಲ. ಬರಲಿರುವುದನ್ನು ಅರಿತು ಮೊದಲೇ ಒತ್ತುವವನಿಗೆ ಸಿಗುತ್ತದೆ.

ಇತರ ಕ್ರೀಡೆಗಳಲ್ಲೂ ಇದೇ ನಿಯಮ. ಮಹಿಳೆಯರ ಸಾಫ್ಟ್‌ಬಾಲ್‌ನಲ್ಲಿ ಚೆಂಡು ಎಸೆಯುವ ಸ್ಥಳಕ್ಕೂ ಬ್ಯಾಟ್ ಬೀಸುವ ಸ್ಥಳಕ್ಕೂ ಇರುವ ಅಂತರ 43 ಅಡಿ. ಗಂಟೆಗೆ 100 ಕಿಲೋಮೀಟರ್ ವೇಗದ ಎಸೆತ ಅರ್ಧ ಸೆಕೆಂಡಿನೊಳಗೆ ಅದನ್ನು ದಾಟುತ್ತದೆ. ಚೆಂಡಿನ ಹಿಂದೆ ಕಣ್ಣು ಓಡಿಸಿದರೆ ಚಿತ್ರ ತಪ್ಪುತ್ತದೆ. ಎಸೆಯುವವಳ ತೋಳಿನ ಸುತ್ತು ಮತ್ತು ಬ್ಯಾಟ್ ಹಿಡಿದವಳ ಭುಜದ ಚಲನೆಯನ್ನು ಗಮನಿಸಿದರೆ ಹೊಡೆತದ ಕ್ಷಣ ಮೊದಲೇ ತಿಳಿಯುತ್ತದೆ. ಕಂಬಳದಲ್ಲಿ ಆ ಸೂಚನೆ ನೀಡುವುದು ಓಟಗಾರನ ಹೆಜ್ಜೆಯ ಲಯ.

ಮೊದಲು ಜಾಗ, ಬಳಿಕ ಕ್ಷಣ

ಕಂಬಳದ ವಿಭಾಗಗಳನ್ನು ತಿಳಿಯದೆ ಲಯವನ್ನು ತಿಳಿಯಲಾಗದು. ಹಗ್ಗ ಮತ್ತು ನೇಗಿಲು ವಿಭಾಗಗಳಲ್ಲಿ ಓಟಗಾರ ಕೋಣಗಳ ಹಿಂದೆ ಕಾಲ್ನಡೆಯಲ್ಲೇ ಓಡುತ್ತಾನೆ. ಅವನ ಎರಡೂ ಪಾದಗಳು ನೀರಿನಿಂದ ಮೇಲೆದ್ದ ಕ್ಷಣವೇ ಚಿತ್ರದ ಜೀವಾಳ. ಅಡ್ಡಹಲಗೆಯಲ್ಲಿ ಆತ ಹಲಗೆಯ ಮೇಲೆ ನಿಂತು ಸಾಗುವುದರಿಂದ ದೇಹದ ಸಮತೋಲನವೇ ದೃಶ್ಯ. ಕನೆಹಲಗೆಯದು ಬೇರೆಯೇ ಲೆಕ್ಕ. ಹಲಗೆಯ ರಂಧ್ರಗಳ ಮೂಲಕ ಚಿಮ್ಮುವ ನೀರು ಕರೆಯ ಮೇಲೆ ಅಡ್ಡಲಾಗಿ ಕಟ್ಟಿದ ನಿಶಾನೆಗೆ ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂಬ ಎತ್ತರಗಳಲ್ಲಿ ಫಲಿತಾಂಶ ನಿರ್ಧಾರವಾಗುತ್ತದೆ.

ಛಾಯಾಗ್ರಾಹಕನಿಗೆ ಈ ನಿಶಾನೆ ದೊಡ್ಡ ನೆರವು. ಓಡುವ ಕೋಣಗಳನ್ನು ಬೆನ್ನಟ್ಟುವ ಬದಲು ನಿಶಾನೆಯ ಕೆಳಗಿನ ಜಾಗಕ್ಕೆ ಮುಂಚಿತವಾಗಿ ಫೋಕಸ್ ಮಾಡಿಟ್ಟುಕೊಂಡು ಕಾಯಬಹುದು. ಮೇಲಕ್ಕೆ ಚಿಮ್ಮಿದ ನೀರಿನ ಹನಿ ತುತ್ತತುದಿ ತಲುಪಿದಾಗ ಅದರ ಏರುವ ವೇಗ ಸೊನ್ನೆಯಾಗುತ್ತದೆ. ಬರಿಗಣ್ಣಿಗೆ ಗೊಂದಲವಾಗಿ ಕಾಣುವ ನೀರು ಆಗ ಚಿತ್ರದಲ್ಲಿ ಮುತ್ತುಗಳಂತೆ ಬಿಡಿಬಿಡಿಯಾಗಿ ಮೂಡುತ್ತದೆ.

ಶಟರ್ ವೇಗದ ಲೆಕ್ಕವೂ ಕಷ್ಟದ್ದಲ್ಲ. ಸೆಕೆಂಡಿನ 125ನೇ ಒಂದು ಭಾಗದಲ್ಲಿ ಕೋಣ ಸುಮಾರು 8 ಸೆಂಟಿಮೀಟರ್ ಚಲಿಸುತ್ತದೆ, ಚಿತ್ರ ಮಸುಕಾಗುತ್ತದೆ. ಸಾವಿರದ ಒಂದು ಭಾಗದಲ್ಲಿ ಚಲನೆ ಒಂದು ಸೆಂಟಿಮೀಟರ್ ಮಾತ್ರ. ಪಕ್ಕದಿಂದ ತೆಗೆಯುವಾಗ ಇಷ್ಟು ವೇಗ ಬೇಕೇಬೇಕು. ಎದುರಿನಿಂದ ಬರುವ ಕೋಣಗಳಿಗೆ 500ನೇ ಒಂದು ಭಾಗವೂ ಸಾಕಾಗಬಹುದು. ಆದರೆ ಮಂಜೊಟ್ಟಿಯ ನೇರದಲ್ಲಿ ನಿಲ್ಲುವುದು ಅಪಾಯಕರ. ಗುರಿ ಮುಟ್ಟಿದ ಕೋಣಗಳು ತಕ್ಷಣ ನಿಲ್ಲುವುದಿಲ್ಲ. ದೂರದಿಂದ ತೆಗೆಯುವ ಲೆನ್ಸ್ ಬಳಸುವುದೇ ಕ್ಷೇಮ.

ರಾತ್ರಿಯ ಓಟಗಳಲ್ಲಿ ಇನ್ನೊಂದು ತೊಡಕಿದೆ. ವಿದ್ಯುತ್ ದೀಪಗಳಲ್ಲಿ ಕೆಲವು ಸೆಕೆಂಡಿಗೆ ನೂರು ಬಾರಿ ಮಂಕಾಗಿ ಮತ್ತೆ ಬೆಳಗುತ್ತವೆ. ಕಣ್ಣಿಗೆ ಇದು ಕಾಣುವುದಿಲ್ಲ; ವೇಗದ ಶಟರ್‌ಗೆ ಕಾಣುತ್ತದೆ. ಒಂದು ಚಿತ್ರ ಬೆಳಗಿದರೆ ಮುಂದಿನದು ಕಪ್ಪಾಗುವುದು ಇದರಿಂದಲೇ. ಫ್ಲಾಶ್ ಬಳಕೆ ಇದಕ್ಕೆ ಪರಿಹಾರವಲ್ಲ. ಎದುರಿನಿಂದ ಹೊಮ್ಮುವ ಬೆಳಕಿಗೆ ಕೋಣಗಳು ಬೆದರಬಹುದು.

ಹಾಗಾದರೆ ಒಂದೇ ಸಮನೆ ಹತ್ತಾರು ಚಿತ್ರ ತೆಗೆದರಾಗದೇ? ಸೆಕೆಂಡಿಗೆ ಹತ್ತು ಚಿತ್ರ ತೆಗೆಯುವ ಕ್ಯಾಮೆರಾದಲ್ಲೂ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಕೋಣಗಳು ಒಂದು ಮೀಟರ್ ಸಾಗಿರುತ್ತವೆ. ಬೇಕಾದ ಕ್ಷಣ ಆ ಅಂತರದಲ್ಲಿ ಜಾರಿಹೋಗುವ ಸಾಧ್ಯತೆ ಇದ್ದೇ ಇದೆ.

ಚಿತ್ರವೇ ಸಾಕ್ಷಿಯಾದಾಗ

ಓಟದ ಒಂದು ಕ್ಷಣವನ್ನು ನಿಲ್ಲಿಸಿ ನೋಡುವ ಪ್ರಯತ್ನ ಹೊಸದಲ್ಲ. ಓಡುವ ಕುದುರೆಯ ನಾಲ್ಕೂ ಕಾಲುಗಳು ಒಮ್ಮೆಗೇ ನೆಲ ಬಿಡುತ್ತವೆಯೇ ಎಂಬ ಪ್ರಶ್ನೆಗೆ 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಇರಿಸಿದ ಕ್ಯಾಮೆರಾಗಳಿಂದ ಉತ್ತರ ಕಂಡುಕೊಂಡರು. ನಾಲ್ಕೂ ಕಾಲುಗಳು ನೆಲ ಬಿಡುವುದು ನಿಜವಾಗಿತ್ತು. ಆದರೆ ಅದು ಚಿತ್ರಕಾರರು ಬರೆಯುತ್ತಿದ್ದಂತೆ ಕಾಲು ಚಾಚಿದಾಗ ಅಲ್ಲ, ಕಾಲುಗಳು ಹೊಟ್ಟೆಯಡಿ ಮಡಚಿದ್ದಾಗ. ಕಣ್ಣು ನಂಬಿದ್ದನ್ನು ಕ್ಯಾಮೆರಾ ತಿದ್ದಿತು.

ಕಂಬಳದಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟನ್ನು ನಿಷೇಧಿಸಿದ ಮೊಕದ್ದಮೆಯಲ್ಲಿ ಪ್ರಾಣಿಗಳ ಸ್ಥಿತಿಯನ್ನು ತೋರುವ ಛಾಯಾಚಿತ್ರಗಳೂ ನ್ಯಾಯಾಲಯದ ಮುಂದಿದ್ದವು. ಆ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು. 2016ರ ನವೆಂಬರ್‌ನಲ್ಲಿ ಹೈಕೋರ್ಟ್ ಮಧ್ಯಂತರ ತಡೆ ನೀಡಿತು. 2017ರಲ್ಲಿ ರಾಜ್ಯವು ಪ್ರಾಣಿ ಹಿಂಸೆ ತಡೆ ಕಾಯಿದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆದರೆ ಕೋಣಗಳನ್ನು ಹೇಗೆ ನಡೆಸಿಕೊಳ್ಳಲಾಗುತ್ತಿದೆ ಎಂಬ ಪ್ರಶ್ನೆ ಪ್ರತಿ ಋತುವಿನಲ್ಲೂ ಏಳುತ್ತದೆ.

ಇಲ್ಲಿಯೇ ಕ್ಷಣದ ಆಯ್ಕೆ ನ್ಯಾಯದ ಪ್ರಶ್ನೆಯೂ ಆಗುತ್ತದೆ. ಓಟಗಾರನ ಕೈ ಮೇಲೆದ್ದ ಚಿತ್ರ ನೋಡಿದವನಿಗೆ ಕೋಣಕ್ಕೆ ಪೆಟ್ಟು ಬಿತ್ತೆಂದೇ ಅನಿಸುತ್ತದೆ. ಆತ ಸಮತೋಲನಕ್ಕಾಗಿ ಕೈ ಎತ್ತಿದ್ದಿರಬಹುದು. ಮತ್ತೊಂದೆಡೆ, ಪೆಟ್ಟು ನಿಜವಾಗಿ ಬಿದ್ದಿದ್ದರೂ ಹತ್ತನೇ ಒಂದು ಸೆಕೆಂಡು ಮೊದಲಿನ ಚಿತ್ರ ಅದನ್ನು ಮರೆಮಾಚಬಲ್ಲದು. ಎರಡೂ ಚಿತ್ರಗಳು ನಕಲಿಯಲ್ಲ, ಎರಡೂ ಅಪೂರ್ಣ.

ಆದ್ದರಿಂದ ಆಚೀಚಿನ ಚಿತ್ರಗಳನ್ನು ಅಳಿಸದೆ ಉಳಿಸಿಕೊಳ್ಳುವುದು, ದಿನಾಂಕ ಮತ್ತು ವಿಭಾಗವನ್ನು ಬರೆದಿಡುವುದು, ಕಂಡಷ್ಟನ್ನೇ ಅಡಿಬರಹದಲ್ಲಿ ಹೇಳುವುದು ಪತ್ರಿಕಾ ಛಾಯಾಗ್ರಹಣದ ಶಿಸ್ತು. ಕರೆಯ ಅಂಚಿನಲ್ಲಿ ನಿಂತವನ ಕೈಯಲ್ಲಿ ಇರುವುದು ಸೆಕೆಂಡಿನ ಸಾವಿರದ ಒಂದು ಭಾಗ. ಉಳಿದ ಹದಿಮೂರು ಸೆಕೆಂಡುಗಳಿಗೆ ಅದು ಮೋಸ ಮಾಡದಂತಿದ್ದರೆ ಮಾತ್ರ ಚಿತ್ರ ಸಾರ್ಥಕ.