ತಲೆನೋವಿಗೂ ತಾರೀಖು ಇರುತ್ತದೆ

ಹತ್ತಿ ಬಿಡಿಸುವ ಸುಗ್ಗಿಯಲ್ಲಿ ಶಹಾಪುರ, ಸುರಪುರ ಸೀಮೆಯ ಹೆಣ್ಣುಮಕ್ಕಳಿಗೆ ಹೊತ್ತು ಮುಳುಗುವವರೆಗೂ ಹೊಲವೇ. ‘ತಲಿ ಬ್ಯಾನಿ’ ಎದ್ದರೆ ಬಿಸಿಲನ್ನು ಬೈದು, ಕಿರಾಣಿ ಅಂಗಡಿಯ ಗುಳಿಗಿ ನುಂಗಿ ಮತ್ತೆ ಸಾಲು ಹಿಡಿಯುತ್ತಾರೆ. ಬಿಸಿಲು, ಹಸಿವು, ನಿದ್ದೆಗೇಡು ತಲೆನೋವು ಎಬ್ಬಿಸುತ್ತವೆ, ನಿಜ. ಆದರೆ ತಿಂಗಳು ತಿಂಗಳು ಮುಟ್ಟಿನ ಆಜುಬಾಜಿನಲ್ಲೇ ನೋವು ಮರಳಿದರೆ ಬಿಸಿಲೊಂದನ್ನೇ ದೂರಿ ಪ್ರಯೋಜನವಿಲ್ಲ.

ಮುಟ್ಟಿಗೆ ಮುಂಚೆ ರಕ್ತದಲ್ಲಿ ಈಸ್ಟ್ರೋಜನ್ ಹಾರ್ಮೋನು ಸರ್ರನೆ ಇಳಿಯುತ್ತದೆ. ಮೈಗ್ರೇನ್ ಎಂಬ ಅರೆತಲೆನೋವಿನ ಗುಣವಿರುವ ಮೆದುಳಿಗೆ ಈ ಇಳಿತ ತಡೆಯದು. ಮುಖ, ತಲೆಯ ನೋವು ಸಾಗಿಸುವ ನರ ಕೆರಳುತ್ತದೆ. ಮುಟ್ಟಿಗೆ ಎರಡು ದಿನ ಮೊದಲಿಂದ ಮೂರನೆಯ ದಿನದವರೆಗೆ ಈ ನೋವಿನ ಕಾಟ ಹೆಚ್ಚು. ಬಸಿರಿನಲ್ಲಿ ಹಾರ್ಮೋನು ಏರಿ ನಿಲ್ಲುವುದರಿಂದ ಹಲವರಿಗೆ ಮೂರು ತಿಂಗಳ ನಂತರ ಆರಾಮ. ಹೆರಿಗೆಯಾದ ಮೇಲೆ ಮತ್ತೆ ಶುರು. ಮುಟ್ಟು ನಿಲ್ಲುವ ಹೊತ್ತಿನ ಏರಿಳಿತದಲ್ಲೂ ಹಾಗೆಯೇ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್ ತಜ್ಞರು ಸಮೀಕ್ಷೆ ಮಾಡಿ 2015ರಲ್ಲಿ ಪ್ರಕಟಿಸಿದ ಲೆಕ್ಕದಂತೆ ವಯಸ್ಕರಲ್ಲಿ ನಾಲ್ವರಿಗೊಬ್ಬರಿಗೆ ಮೈಗ್ರೇನ್. ಹೆಂಗಸರಲ್ಲಿ ಇನ್ನೂ ಹೆಚ್ಚು.

ಹಾಗಾಗಿ ಮೊದಲ ಪರೀಕ್ಷೆ ಗೋಡೆಯ ಕ್ಯಾಲೆಂಡರಿನಲ್ಲೇ ಆಗಲಿ. ಮೂರು ತಿಂಗಳು ನೋವಿನ ದಿನ, ಮುಟ್ಟಿನ ದಿನ, ಗುಳಿಗಿ ನುಂಗಿದ ದಿನ ಗುರುತು ಹಾಕಿ. ಆ ಹಾಳೆ ನೋಡಿದರೆ ವೈದ್ಯರಿಗೆ ಅರ್ಧ ದಾರಿ ಸಿಕ್ಕಂತೆ. ಮುಟ್ಟು ನಿಯಮಿತವಾಗಿದ್ದರೆ ನ್ಯಾಪ್ರೊಕ್ಸೆನ್‌ನಂಥ ಔಷಧವನ್ನು ನೋವು ಬರುವ ಮೊದಲೇ ಶುರುಮಾಡಿ ಐದಾರು ದಿನ ಕೊಡುವ ಕ್ರಮವಿದೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇದ್ದವರಿಗೆ, ಬಸುರಿಯರಿಗೆ ಅದು ಸಲ್ಲದು. ಆದ್ದರಿಂದ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ಗುಳಿಗಿಯ ಲೆಕ್ಕವೂ ಮುಖ್ಯ. ಪ್ಯಾರಾಸಿಟಮಾಲ್ ಬಗೆಯದನ್ನು ತಿಂಗಳಿಗೆ 15 ದಿನ, ಹಲವು ಔಷಧ ಬೆರೆಸಿದ್ದನ್ನು 10 ದಿನ ಅಥವಾ ಅದಕ್ಕಿಂತ ಹೆಚ್ಚು ನುಂಗುತ್ತ ಮೂರು ತಿಂಗಳು ದಾಟಿದರೆ ಆ ಗುಳಿಗಿಯೇ ದಿನನಿತ್ಯದ ತಲೆನೋವು ತರಬಹುದು. ಬರುವ ನೋವಿಗೆ ಇನ್ನೊಂದು ಗುಳಿಗಿ, ಅದರಿಂದ ಇನ್ನಷ್ಟು ನೋವು. ನನ್ನ ಮಟ್ಟಿಗೆ ಈ ಸೀಮೆಯಲ್ಲಿ ಎಲ್ಲಕ್ಕಿಂತ ಮೊದಲು ತಿಳಿಸಬೇಕಾದ ಸಂಗತಿ ಇದು.

ಕೆಲವರಲ್ಲಿ ತಲೆನೋವಿಗೆ ಬೇರೆ ಗ್ರಂಥಿಯ ತೊಂದರೆ ಕಾರಣ. ಸುಸ್ತು, ಚಳಿ ತಡೆಯದಿರುವುದು, ಮೈ ಊದುವುದು ಜೊತೆಗಿದ್ದರೆ ಥೈರಾಯ್ಡಿನ ಟಿಎಸ್‌ಎಚ್ ರಕ್ತಪರೀಕ್ಷೆ ಸಾಕು. ಮುಟ್ಟು ನಿಂತು, ಕೂಸಿಲ್ಲದೆ ಎದೆಹಾಲು ಒಸರಿ, ಪಕ್ಕದ ನೋಟ ಕುಂದಿದರೆ ಪಿಟ್ಯುಟರಿ ಗಂಟಿನ ಸಂಶಯ. ಪ್ರೊಲ್ಯಾಕ್ಟಿನ್ ಪರೀಕ್ಷೆ, ಸ್ಕ್ಯಾನ್ ಬೇಕು.

ಬಸಿರು ತಡೆಯಲು ಆಶಾ ಕಾರ್ಯಕರ್ತೆ ಕೊಡುವ ಮಾಲಾ-ಎನ್ ಗುಳಿಗಿಯಲ್ಲೂ ಈಸ್ಟ್ರೋಜನ್ ಇದೆ. ನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕು ಬೆಳಕು ಮಿನುಗುವವರಿಗೆ ಅದು ಲಕ್ವದ ಅಪಾಯ ಹೆಚ್ಚಿಸುತ್ತದೆ. ಅಂಥವರು ಕಾಪರ್-ಟಿ ಅಥವಾ ಛಾಯಾ ಗುಳಿಗಿಯ ಬಗ್ಗೆ ಕೇಳಲಿ. ಅವೆರಡರಲ್ಲೂ ಈಸ್ಟ್ರೋಜನ್ ಇಲ್ಲ.

ಸಿಡಿಲು ಬಡಿದಂತೆ ಎದ್ದ ನೋವು, ಜ್ವರದೊಡನೆ ಬಿಗಿದ ಕುತ್ತಿಗೆ, ಸೋತ ಕೈಕಾಲು, ಬಸುರಿ ಬಾಣಂತಿಯರ ಹೊಸ ತಲೆನೋವು: ಇವಕ್ಕೆ ಕ್ಯಾಲೆಂಡರ್ ಕಾಯಬಾರದು. ಅದೇ ದಿನ ತಾಲ್ಲೂಕು ಆಸ್ಪತ್ರೆಗೆ, ಇಲ್ಲವೇ ಯಾದಗಿರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೊರಡಬೇಕು.